ಚುಕ್ಕೆ ಕೂಡಿತು, ಟೈಮಿಂಗ್ ಕೂಡಿತೇ?

ಬೋರ್ ಮಾಡಿಸಿದ್ದಾಯಿತು, ಹೊಸ ಪಿಸ್ಟನ್ ಬಂತು, ಕ್ರ್ಯಾಂಕ್ ಗ್ರೈಂಡಿಂಗ್, ಹೆಡ್ ಫೇಸಿಂಗ್ ಎಲ್ಲ ಮುಗಿದು ಎಂಜಿನ್ ಕಾರಿನಲ್ಲಿ ಕೂತಿತು. ಮೊದಲ ಸೆಲ್ಫ್‌ಗೇ ಸ್ಟಾರ್ಟ್ ಆಯಿತು, ಶಬ್ದವೂ ನಯವಾಗಿದೆ. ಆದರೆ ನಾಲ್ಕು ಜನ ಕೂತು ಘಾಟಿ ಹತ್ತಿಸಿದರೆ ಪಿಕಪ್ ಇಲ್ಲ. ಮೂರನೇ ಗೇರಿನಲ್ಲಿ ಎಳೆಯಬೇಕಾದ ಕಡೆ ಎರಡನೆಯದಕ್ಕೆ ಇಳಿಸಬೇಕು. ಕಾರ್ಬ್ಯುರೇಟರ್ ತೊಳೆದು, ಪಾಯಿಂಟ್ ಬದಲಿಸಿ, ಡಿಸ್ಟ್ರಿಬ್ಯೂಟರ್ ಹಿಂದೆ ಮುಂದೆ ತಿರುಗಿಸಿ ನೋಡಿದರೂ ಗುಣವಿಲ್ಲ. ಹಳೆಯ ಕಾರನ್ನು ಪ್ರೀತಿಯಿಂದ ರಿಪೇರಿ ಮಾಡಿಸಿದವರು ಮತ್ತೆ ಮತ್ತೆ ಹೇಳುವ ದೂರು ಇದು. ಇಂಥ ಕಡೆ ಅನುಮಾನ ಕೊನೆಗೆ ಹೋಗುವ, ಆದರೆ ಮೊದಲೇ ಹೋಗಬೇಕಾದ ಜಾಗ ಕ್ಯಾಮ್‌ಶಾಫ್ಟ್ ಟೈಮಿಂಗ್.

‘ಚುಕ್ಕೆಗೆ ಚುಕ್ಕೆ ಕೂಡಿಸಿದ್ದೇವಲ್ಲ’ ಎಂಬ ಉತ್ತರ ವರ್ಕ್‌ಶಾಪಿನಲ್ಲಿ ಸಿದ್ಧವಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಸಾಲದು. ಟೈಮಿಂಗ್ ಗೇರುಗಳ ಮೇಲಿನ ಚುಕ್ಕೆ ನಿಮಗೆ ಸರಿಯಾದ ಹಲ್ಲನ್ನು ತೋರಿಸುತ್ತದೆ, ಸರಿಯಾದ ಡಿಗ್ರಿಯನ್ನಲ್ಲ. ಡಿಗ್ರಿಯನ್ನು ಅಳೆದೇ ತಿಳಿಯಬೇಕು. ಒಂದು ಡಯಲ್ ಗೇಜ್, ಒಂದು ಡಿಗ್ರಿ ಡಿಸ್ಕ್, ಒಂದು ಮಧ್ಯಾಹ್ನದಷ್ಟು ತಾಳ್ಮೆ ಇದ್ದರೆ ಇದನ್ನು ನೀವೇ ಮಾಡಬಹುದು.

ಮಾದರಿಯಾಗಿ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇಟ್ಟುಕೊಳ್ಳೋಣ. ಇದು ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸೀರೀಸ್ ಕುಟುಂಬದ್ದು. ಮೋರಿಸ್ ಆಕ್ಸ್‌ಫರ್ಡ್, ಎಂಜಿಎ, ಎಂಜಿಬಿ ಕಾರುಗಳಲ್ಲಿ ಇದ್ದದ್ದೂ ಇದೇ ಕುಟುಂಬದ ಎಂಜಿನ್‌ಗಳು. ಉತ್ತರಪಾರಾದ ಹಿಂದುಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹಾಗಾಗಿ ಈಗ ರಸ್ತೆಯಲ್ಲಿರುವ ಬಿ-ಸೀರೀಸ್ ಎಂಜಿನ್ ಪ್ರತಿಯೊಂದೂ ಒಮ್ಮೆಯಾದರೂ ಬಿಚ್ಚಿ ಕಟ್ಟಿದ್ದೇ ಎಂದುಕೊಳ್ಳುವುದು ಕ್ಷೇಮ. ಇದರ ಕ್ಯಾಮ್‌ಶಾಫ್ಟ್ ಬ್ಲಾಕಿನೊಳಗಿದೆ. ಟೈಮಿಂಗ್ ಚೈನ್ ಅದನ್ನು ತಿರುಗಿಸುತ್ತದೆ, ಟ್ಯಾಪೆಟ್, ಪುಶ್‌ರಾಡ್, ರಾಕರ್ ಮೂಲಕ ವಾಲ್ವ್ ತೆರೆಯುತ್ತದೆ. ನಿಮ್ಮದು ಬೇರೆ ಎಂಜಿನ್ ಆಗಿದ್ದರೂ ವಿಧಾನ ಇದೇ, ಅಂಕಿಗಳು ಮಾತ್ರ ಬೇರೆ.

ಕೆಲವು ಡಿಗ್ರಿಗೆ ಇಷ್ಟು ಬೆಲೆ ಏಕೆ?

ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. ಆದ್ದರಿಂದ ಕ್ಯಾಮ್‌ನಲ್ಲಿ 1 ಡಿಗ್ರಿ ತಪ್ಪು ಎಂದರೆ ಕ್ರ್ಯಾಂಕ್ ಲೆಕ್ಕದಲ್ಲಿ 2 ಡಿಗ್ರಿ. ಕೈಪಿಡಿಯಲ್ಲಿರುವ ಅಂಕಿಗಳೆಲ್ಲ ಕ್ರ್ಯಾಂಕ್ ಡಿಗ್ರಿಗಳು. ಇದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ, ಅರ್ಧ ಗೊಂದಲ ಇಲ್ಲಿಯೇ ಹುಟ್ಟುವುದು.

ಎಂಜಿನ್‌ನ ಸ್ವಭಾವವನ್ನು ಎಲ್ಲಕ್ಕಿಂತ ಹೆಚ್ಚು ನಿರ್ಧರಿಸುವುದು ಇನ್ಲೆಟ್ ವಾಲ್ವ್ ಮುಚ್ಚುವ ಗಳಿಗೆ. ಪಿಸ್ಟನ್ ಕೆಳತುದಿ ಮುಟ್ಟಿ ಮೇಲೇಳತೊಡಗಿದ ಮೇಲೂ ಇನ್ಲೆಟ್ ಸ್ವಲ್ಪ ಹೊತ್ತು ತೆರೆದೇ ಇರುತ್ತದೆ. ವೇಗದಲ್ಲಿ ಒಳನುಗ್ಗುತ್ತಿರುವ ಗಾಳಿ-ಪೆಟ್ರೋಲ್ ಮಿಶ್ರಣಕ್ಕೆ ತನ್ನದೇ ಓಘವಿರುವುದರಿಂದ ಪಿಸ್ಟನ್ ಮೇಲೇರುತ್ತಿದ್ದರೂ ಅದು ಒಳಬರುತ್ತಲೇ ಇರುತ್ತದೆ. ಆದರೆ ಕಡಿಮೆ ಆರ್‌ಪಿಎಂನಲ್ಲಿ ಈ ಓಘ ಇರುವುದಿಲ್ಲ. ಆಗ ವಾಲ್ವ್ ತಡವಾಗಿ ಮುಚ್ಚಿದರೆ, ಎಳೆದುಕೊಂಡ ಮಿಶ್ರಣದಲ್ಲಿ ಒಂದು ಪಾಲನ್ನು ಪಿಸ್ಟನ್ನೇ ಮ್ಯಾನಿಫೋಲ್ಡಿಗೆ ಹಿಂದಕ್ಕೆ ತಳ್ಳುತ್ತದೆ. ಕಂಪ್ರೆಷನ್ ಬೀಳುತ್ತದೆ, ಏರಿನಲ್ಲಿ ಎಳೆತ ಹೋಗುತ್ತದೆ. ಕ್ಯಾಮ್ ಹಿಂದುಳಿದ ಅಂಬಾಸಿಡರ್ ಘಾಟಿಯಲ್ಲಿ ಸೋಲುವುದು ಹೀಗೆ. ಕ್ಯಾಮ್ ತೀರಾ ಮುಂದಿದ್ದರೆ ಕೆಳಗೆ ಎಳೆತ ಚೆನ್ನಾಗಿದ್ದು, ಹೆದ್ದಾರಿ ವೇಗದಲ್ಲಿ ಉಸಿರು ಕಟ್ಟಿದಂತಾಗುತ್ತದೆ.

ಚುಕ್ಕೆ ಸರಿಯಿದ್ದೂ ತಪ್ಪು ಎಲ್ಲಿಂದ ಬರುತ್ತದೆ?

ಗೇರಿನಲ್ಲಿ ಕೀವೇ ಕೊರೆದ ಜಾಗ, ಕ್ಯಾಮ್‌ಶಾಫ್ಟಿನಲ್ಲಿ ಕೀವೇ ಇರುವ ಜಾಗ, ಲೋಬ್ ಗ್ರೈಂಡ್ ಮಾಡಿದ ಕೋನ, ಕ್ರ್ಯಾಂಕಿನ ಕೀವೇ, ಚೈನಿನ ಉದ್ದ ಹೀಗೆ ಪ್ರತಿಯೊಂದರಲ್ಲೂ ಒಂದಿಷ್ಟು ವ್ಯತ್ಯಾಸ ಇದ್ದೇ ಇರುತ್ತದೆ. ಎಲ್ಲ ವ್ಯತ್ಯಾಸಗಳೂ ಒಂದೇ ದಿಕ್ಕಿಗೆ ಕೂಡಿಕೊಂಡ ದಿನ ಐದಾರು ಡಿಗ್ರಿ ಆಚೀಚೆ ಆಗುವುದು ಅಪರೂಪವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂದು ಸಿಗುವ ಗೇರ್ ಒಂದು ಕಡೆಯದು, ಚೈನ್ ಇನ್ನೊಂದು ಕಡೆಯದು, ಕ್ಯಾಮ್ ಮರುಗ್ರೈಂಡ್ ಆದದ್ದು ಎಂದಾಗಲಂತೂ ಚುಕ್ಕೆಯನ್ನೊಂದೇ ನೆಚ್ಚುವುದು ಸರಿಯಲ್ಲ.

ಕ್ಯಾಮ್ ಹೆಡ್ಡಿನಲ್ಲಿರುವ ಎಂಜಿನ್‌ಗಳಿಗೆ ಇನ್ನೊಂದು ಕಾರಣ ಸೇರುತ್ತದೆ. ಫೇಸಿಂಗ್ ಮಾಡಿಸಿದಷ್ಟೂ ಕ್ಯಾಮ್ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ. ಬೆಲ್ಟಿನ ಎಳೆಯುವ ಬದಿಯ ಉದ್ದ ಬದಲಾಗದ ಕಾರಣ ಕ್ಯಾಮ್ ಹಿಂದುಳಿಯುತ್ತದೆ. ಕ್ಯಾಮ್ ಪುಲ್ಲಿಯ ತ್ರಿಜ್ಯ 60 ಮಿ.ಮೀ. ಎಂದುಕೊಂಡರೆ, ಅರ್ಧ ಮಿ.ಮೀ. ಫೇಸಿಂಗಿಗೆ ಕ್ರ್ಯಾಂಕ್ ಲೆಕ್ಕದಲ್ಲಿ ಸುಮಾರು 1 ಡಿಗ್ರಿ. ಬಿ-ಸೀರೀಸ್‌ನಲ್ಲಿ ಕ್ಯಾಮ್ ಬ್ಲಾಕಿನಲ್ಲೇ ಇರುವುದರಿಂದ ಈ ತೊಂದರೆ ಇಲ್ಲ.

ಗುರಿ ಅಂಕಿ ಎಷ್ಟು?

ಕ್ಯಾಮ್ ಟೈಮಿಂಗ್ ಅನ್ನು ನಾಲ್ಕು ಅಂಕಿಗಳಲ್ಲಿ ಬರೆಯುತ್ತಾರೆ. ಉದಾಹರಣೆಗೆ ಇದೇ ಬಿ-ಸೀರೀಸ್ ಕುಟುಂಬದ ಎಂಜಿಬಿ ಕ್ಯಾಮ್‌ನದು 16-56-51-21. ಇನ್ಲೆಟ್, ಪಿಸ್ಟನ್ ಮೇಲ್ತುದಿ ಮುಟ್ಟುವುದಕ್ಕೆ 16 ಡಿಗ್ರಿ ಮೊದಲು ತೆರೆದು ಕೆಳತುದಿ ದಾಟಿ 56ಕ್ಕೆ ಮುಚ್ಚುತ್ತದೆ. ಎಕ್ಸಾಸ್ಟ್ ಕೆಳತುದಿಗೆ 51 ಮೊದಲು ತೆರೆದು ಮೇಲ್ತುದಿ ದಾಟಿ 21ಕ್ಕೆ ಮುಚ್ಚುತ್ತದೆ.

ವಾಲ್ವ್ ತೆರೆಯುವ, ಮುಚ್ಚುವ ಬಿಂದುವನ್ನು ನೇರವಾಗಿ ಅಳೆಯಲು ಹೋಗಬೇಡಿ. ಅಲ್ಲಿ ಲೋಬ್ ತುಂಬ ನಿಧಾನವಾಗಿ ಏಳುವುದರಿಂದ ಟ್ಯಾಪೆಟ್ ಕ್ಲಿಯರೆನ್ಸ್ ಕೂದಲೆಳೆಯಷ್ಟು ಬದಲಾದರೂ ಡಿಗ್ರಿಗಟ್ಟಲೆ ವ್ಯತ್ಯಾಸ ಬರುತ್ತದೆ. ಬದಲಿಗೆ ವಾಲ್ವ್ ಪೂರ್ತಿ ತೆರೆದಿರುವ ಬಿಂದುವನ್ನು, ಎಂದರೆ ಫುಲ್ ಲಿಫ್ಟ್ ಅನ್ನು, ಗುರಿಯಾಗಿಸಿ. ಲೆಕ್ಕ ಸುಲಭ: 16, 180, 56 ಕೂಡಿದರೆ 252. ಅದರ ಅರ್ಧ 126. ಅದರಲ್ಲಿ 16 ಕಳೆದರೆ 110. ಎಂದರೆ ಮೇಲ್ತುದಿ ದಾಟಿ 110 ಡಿಗ್ರಿಯಲ್ಲಿ ಇನ್ಲೆಟ್ ಫುಲ್ ಲಿಫ್ಟ್ ಇರಬೇಕು. ನಿಮ್ಮ ಕ್ಯಾಮ್‌ನ ಅಂಕಿಗಳನ್ನು ನಿಮ್ಮ ಕೈಪಿಡಿಯಿಂದಲೋ ಕ್ಯಾಮ್ ಗ್ರೈಂಡ್ ಮಾಡಿದವರಿಂದಲೋ ಪಡೆದು ಹೀಗೆಯೇ ಲೆಕ್ಕ ಹಾಕಿ. ಲೋಬಿನ ಎರಡು ಬದಿ ಸಮವಾಗಿಲ್ಲದ ಕ್ಯಾಮ್‌ಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಂಥವಕ್ಕೆ ತಯಾರಕರು ಕೊಟ್ಟ ಫುಲ್ ಲಿಫ್ಟ್ ಅಂಕಿಯನ್ನೇ ಬಳಸಬೇಕು.

ಬೇಕಾದ ಸಾಮಾನು

0.01 ಮಿ.ಮೀ. ಓದುವ, 10 ಮಿ.ಮೀ. ಚಲಿಸುವ ಡಯಲ್ ಗೇಜ್ ಮತ್ತು ಮ್ಯಾಗ್ನೆಟಿಕ್ ಸ್ಟ್ಯಾಂಡ್. ಡಿಗ್ರಿ ಡಿಸ್ಕ್ ದೊಡ್ಡದಿದ್ದಷ್ಟೂ ಒಳ್ಳೆಯದು: 25 ಸೆಂ.ಮೀ. ಅಗಲದ ಡಿಸ್ಕಿನ ಅಂಚಿನಲ್ಲಿ 1 ಡಿಗ್ರಿಗೆ 2 ಮಿ.ಮೀ.ಗೂ ಹೆಚ್ಚು ಜಾಗ ಸಿಗುತ್ತದೆ, ಅರ್ಧ ಡಿಗ್ರಿಯನ್ನೂ ಕಣ್ಣಳತೆಯಲ್ಲಿ ಓದಬಹುದು. ಮುಳ್ಳಿಗೆ ಸೈಕಲ್ ಕಡ್ಡಿ ಸಾಕು, ಆದರೆ ಅದರ ಬುಡವನ್ನು ಬ್ಲಾಕಿನ ಬೋಲ್ಟಿಗೆ ಬಿಗಿಯಾಗಿ ಕಟ್ಟಿರಬೇಕು. ಕ್ರ್ಯಾಂಕ್ ತಿರುಗಿಸಲು ಉದ್ದ ಹಿಡಿಯ ಪಾನಾ. ಮುಖ್ಯವಾಗಿ ಒಂದು ನೋಟ್ ಪುಸ್ತಕ.

ಎಂಜಿನ್ ಸ್ಟ್ಯಾಂಡ್ ಮೇಲಿದ್ದು, ಹೆಡ್ ಇನ್ನೂ ಕೂರಿಸದೆ, ಟೈಮಿಂಗ್ ಕವರ್ ತೆರೆದಿರುವಾಗ ಈ ಕೆಲಸ ಅತ್ಯಂತ ಸುಲಭ. ಈ ಅವಕಾಶವನ್ನು ಕೈಬಿಟ್ಟು ಕಾರಿನೊಳಗೆ ಬಗ್ಗಿ ಮಾಡುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಮೊದಲ ಹಂತ: ನಿಜವಾದ ಮೇಲ್ತುದಿ

ಎಲ್ಲ ಡಿಗ್ರಿಗಳನ್ನೂ ಪಿಸ್ಟನ್‌ನ ಮೇಲ್ತುದಿಯಿಂದ, ಎಂದರೆ ಟಿಡಿಸಿಯಿಂದ, ಎಣಿಸುತ್ತೇವೆ. ಅದೇ ತಪ್ಪಿದರೆ ಮುಂದಿನದೆಲ್ಲ ತಪ್ಪು. ಡಯಲ್ ಗೇಜ್ ಅನ್ನು ಪಿಸ್ಟನ್ ಮೇಲಿಟ್ಟು ಮುಳ್ಳು ನಿಂತ ಕಡೆ ಟಿಡಿಸಿ ಎಂದುಕೊಳ್ಳುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ. ಅದು ಏಕೆ ಕೆಲಸಕ್ಕೆ ಬಾರದು ಎನ್ನುವುದನ್ನು ಅಂಕಿಯಲ್ಲೇ ನೋಡಿ. ಬಿ-ಸೀರೀಸ್‌ನ ಸ್ಟ್ರೋಕ್ 88.9 ಮಿ.ಮೀ. ಕ್ರ್ಯಾಂಕ್ ಟಿಡಿಸಿಯಿಂದ 1 ಡಿಗ್ರಿ ಸರಿದಾಗ ಪಿಸ್ಟನ್ ಇಳಿಯುವುದು 0.01 ಮಿ.ಮೀ.ಗಿಂತಲೂ ಕಡಿಮೆ. ನಿಮ್ಮ ಗೇಜಿನ ಒಂದು ಗೆರೆಯೂ ಅಲುಗುವುದಿಲ್ಲ. ಉಯ್ಯಾಲೆ ತುದಿ ಮುಟ್ಟಿದಾಗ ಒಂದು ಕ್ಷಣ ನಿಂತಂತೆ ಕಾಣುತ್ತದಲ್ಲ, ಪಿಸ್ಟನ್ನೂ ಹಾಗೆಯೇ. ಆದರೆ ಪಿಸ್ಟನ್ 5 ಮಿ.ಮೀ. ಕೆಳಗಿರುವಾಗ 1 ಡಿಗ್ರಿಗೆ ಸುಮಾರು 0.4 ಮಿ.ಮೀ. ಓಡುತ್ತದೆ. ಅದು ಗೇಜಿನ 40 ಗೆರೆಗಳು. ಅದಕ್ಕೇ ತುದಿಯನ್ನು ಅಳೆಯಬೇಡಿ. ಅದರ ಎರಡು ಬದಿಯ ಇಳಿಜಾರುಗಳನ್ನು ಅಳೆದು ನಡುಬಿಂದು ಹಿಡಿಯಿರಿ. ಇಡೀ ವಿಧಾನದ ಜೀವಾಳ ಇದೊಂದೇ.

1. ಡಿಸ್ಕನ್ನು ಕ್ರ್ಯಾಂಕಿನ ಮೂತಿಗೆ ಕಟ್ಟಿ, ಮುಳ್ಳು ಹೊಂದಿಸಿ. 1ನೇ ಪಿಸ್ಟನ್ ಅನ್ನು ಅಂದಾಜಿಗೆ ಮೇಲಕ್ಕೆ ತಂದು ಡಿಸ್ಕಿನ ಸೊನ್ನೆಯನ್ನು ಮುಳ್ಳಿಗೆ ತನ್ನಿ.

2. ಗೇಜನ್ನು ಪಿಸ್ಟನ್‌ನ ನಡುಭಾಗದ ಮೇಲೆ, ಗಜನ್ ಪಿನ್ನಿನ ನೇರಕ್ಕೆ ಇಡಿ. ಅಂಚಿನಲ್ಲಿಟ್ಟರೆ ಪಿಸ್ಟನ್ ತುಸು ವಾಲುವುದೂ ಅಳತೆಯಲ್ಲಿ ಸೇರಿಬಿಡುತ್ತದೆ. ಅತಿ ಮೇಲಿನ ಬಿಂದುವಿನಲ್ಲಿ ಗೇಜನ್ನು ಸೊನ್ನೆ ಮಾಡಿ.

3. ಕ್ರ್ಯಾಂಕನ್ನು ಹಿಂದಕ್ಕೆ, ಪಿಸ್ಟನ್ 5 ಮಿ.ಮೀ. ದಾಟಿ ಇನ್ನೂ ಕೆಳಗಿಳಿಯುವಷ್ಟು ತಿರುಗಿಸಿ. ಆಮೇಲೆ ಎಂಜಿನ್ ಓಡುವ ದಿಕ್ಕಿನಲ್ಲಿ ನಿಧಾನವಾಗಿ ತಂದು, ಗೇಜ್ ಸರಿಯಾಗಿ 5 ಮಿ.ಮೀ. ತೋರಿಸಿದಾಗ ಡಿಸ್ಕ್ ಓದಿ ಬರೆದುಕೊಳ್ಳಿ.

4. ಅದೇ ದಿಕ್ಕಿನಲ್ಲಿ ಮುಂದುವರಿಸಿ, ಪಿಸ್ಟನ್ ಟಿಡಿಸಿ ದಾಟಿ ಮತ್ತೆ 5 ಮಿ.ಮೀ. ಇಳಿದಾಗ ಓದಿ. ಉದಾಹರಣೆಗೆ ಒಂದು ಕಡೆ 23, ಇನ್ನೊಂದು ಕಡೆ 27 ಬಂದರೆ, ಎರಡೂ ಕಡೆ 25 ಬರುವಂತೆ ಮುಳ್ಳನ್ನು 2 ಡಿಗ್ರಿ ಬಗ್ಗಿಸಿ. ಡಿಸ್ಕನ್ನು ಮುಟ್ಟಬೇಡಿ.

5. ಮತ್ತೊಮ್ಮೆ ಮಾಡಿ. ಎರಡು ಕಡೆ ಒಂದೇ ಅಂಕಿ ಬಂದರೆ ಸೊನ್ನೆಯೇ ನಿಜವಾದ ಟಿಡಿಸಿ. ಈಗಿನಿಂದ ಡಿಸ್ಕ್, ಮುಳ್ಳು ಎರಡೂ ಅಲುಗಬಾರದು.

ಹೆಡ್ ಕೂರಿಸಿಯಾಗಿದ್ದರೆ ಸ್ಪಾರ್ಕ್ ಪ್ಲಗ್ ತೂತಿನಿಂದ ಪಿಸ್ಟನ್‌ಗೆ ತಡೆ ಕೊಡುವ ಬೋಲ್ಟ್ ಹಾಕಿ ಇದೇ ರೀತಿ ಎರಡು ಕಡೆ ನಿಂತ ಅಂಕಿ ಓದಬಹುದು. ಆದರೆ ಕೈಯಲ್ಲಿ ಮೆತ್ತಗೆ ತಿರುಗಿಸಿ. ತಡೆಗೆ ಪಿಸ್ಟನ್ ಗುದ್ದಿದರೆ ಹೊಸ ಪಿಸ್ಟನ್ ಕೆಡುತ್ತದೆ. ಸೆಲ್ಫ್ ಕೊಡುವ ಮಾತೇ ಇಲ್ಲ. ಬ್ಯಾಟರಿ ತಂತಿ ಮೊದಲೇ ಬಿಚ್ಚಿರಿ.

ಎರಡನೇ ಹಂತ: ಫುಲ್ ಲಿಫ್ಟ್

ಇಲ್ಲಿಯೂ ಅದೇ ಸೂತ್ರ. ಲೋಬಿನ ಮೂತಿ ಗುಂಡಗಿರುವುದರಿಂದ ಅತಿ ಎತ್ತರದ ಬಿಂದು ಎಲ್ಲಿದೆ ಎಂದು ಗೇಜ್ ಹೇಳಲಾರದು. ಎರಡು ಬದಿ ಅಳೆದು ಸರಾಸರಿ ತೆಗೆಯಬೇಕು.

1. ಗೇರುಗಳನ್ನು ಚುಕ್ಕೆಗೆ ಚುಕ್ಕೆ ಕೂಡಿಸಿ ಚೈನ್ ಹಾಕಿ, ಕ್ಯಾಮ್ ನಟ್ ಬಿಗಿ ಮಾಡಿ. ಲಾಕ್ ವಾಷರ್ ಈಗಲೇ ಮಡಚಬೇಡಿ. ಚೈನ್ ಹಾಕುವ ಮೊದಲೇ ಎರಡು ಗೇರುಗಳ ಮುಖಕ್ಕೆ ಅಡ್ಡಲಾಗಿ ನೇರಪಟ್ಟಿ ಇಟ್ಟು ನೋಡಿ. ಒಂದು ಹಿಂದೆ ಒಂದು ಮುಂದೆ ಇದ್ದರೆ ಕ್ರ್ಯಾಂಕ್ ಗೇರಿನ ಹಿಂದೆ ಶಿಮ್ ಹಾಕಿ ಸಮ ಮಾಡಬೇಕು. ಸೊಟ್ಟ ಓಡುವ ಚೈನ್ ಬೇಗ ಸವೆದು ನೀವು ಕೂಡಿಸಿದ ಟೈಮಿಂಗನ್ನೂ ಕೆಡಿಸುತ್ತದೆ.

2. ಬಿ-ಸೀರೀಸ್‌ನಲ್ಲಿ ಮುಂದಿನಿಂದ ಎಣಿಸಿದರೆ 1, 4, 5, 8 ಎಕ್ಸಾಸ್ಟ್; 2, 3, 6, 7 ಇನ್ಲೆಟ್. ಆದ್ದರಿಂದ 1ನೇ ಸಿಲಿಂಡರಿನ ಇನ್ಲೆಟ್ ಎಂದರೆ ಎರಡನೇ ಟ್ಯಾಪೆಟ್. ಅದರೊಳಗೆ ಪುಶ್‌ರಾಡ್ ನಿಲ್ಲಿಸಿ, ಮೇಲೆ ಗೇಜ್ ಇಡಿ. ಗೇಜಿನ ಕಡ್ಡಿ ಪುಶ್‌ರಾಡಿನ ನೇರಕ್ಕೇ ಇರಬೇಕು, ಪುಶ್‌ರಾಡ್ ಅತ್ತಿತ್ತ ವಾಲಬಾರದು.

3. ಎಂಜಿನ್ ಓಡುವ ದಿಕ್ಕಿನಲ್ಲಿ ತಿರುಗಿಸುತ್ತ ಅತಿ ಎತ್ತರದಲ್ಲಿ ಗೇಜನ್ನು ಸೊನ್ನೆ ಮಾಡಿ. ಹಾಗೆಯೇ ಮುಂದುವರಿಸಿ ಇನ್ನೆರಡು ಸುತ್ತು ಬನ್ನಿ. ಪುಶ್‌ರಾಡ್ ಮೇಲೇರುತ್ತ ತುದಿಗೆ ಇನ್ನು 0.5 ಮಿ.ಮೀ. ಇದೆ ಎನ್ನುವಾಗ ಡಿಸ್ಕ್ ಓದಿ. ತುದಿ ದಾಟಿ 0.5 ಮಿ.ಮೀ. ಇಳಿದಾಗ ಮತ್ತೆ ಓದಿ.

4. ಎರಡನ್ನೂ ಕೂಡಿ ಅರ್ಧ ಮಾಡಿ. ಟಿಡಿಸಿ ದಾಟಿ 93 ಮತ್ತು 139 ಸಿಕ್ಕಿತೆನ್ನಿ. ಕೂಡಿದರೆ 232, ಅರ್ಧ 116. ನಮಗೆ ಬೇಕಾದದ್ದು 110. ಕ್ಯಾಮ್ 6 ಡಿಗ್ರಿ ತಡವಾಗಿದೆ. ಇನ್ಲೆಟ್ 56ರ ಬದಲು 62ಕ್ಕೆ ಮುಚ್ಚುತ್ತಿದೆ.

ಇನ್ಲೆಟ್‌ನ ಅಂಕಿ ದೊಡ್ಡದಾದರೆ ಕ್ಯಾಮ್ ತಡ, ಚಿಕ್ಕದಾದರೆ ಬೇಗ. ಇದನ್ನು ಡಿಸ್ಕಿನ ಮೇಲೇ ಬರೆದಿಟ್ಟುಕೊಳ್ಳಿ. ಅಳತೆಯನ್ನು ಮೂರು ಬಾರಿ ಮಾಡಿ. ಮೂರೂ ಅರ್ಧ ಡಿಗ್ರಿಯೊಳಗೆ ಹೊಂದದಿದ್ದರೆ ಎಲ್ಲೋ ಸ್ಟ್ಯಾಂಡೋ ಮುಳ್ಳೋ ಅಲುಗುತ್ತಿದೆ ಎಂದರ್ಥ.

ಸರಿಪಡಿಸುವುದು ಹೇಗೆ?

ಒಂದು ಹಲ್ಲು ಸರಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಕ್ಯಾಮ್ ಗೇರಿಗೆ 40 ಹಲ್ಲುಗಳಿದ್ದರೆ ಒಂದು ಹಲ್ಲೆಂದರೆ ಕ್ಯಾಮ್‌ನ 9 ಡಿಗ್ರಿ, ಕ್ರ್ಯಾಂಕಿನ 18 ಡಿಗ್ರಿ. 6 ಡಿಗ್ರಿ ತಪ್ಪನ್ನು 12 ಡಿಗ್ರಿ ತಪ್ಪಾಗಿಸಿದಂತೆ ಆಗುತ್ತದೆ.

ಸರಿಯಾದ ದಾರಿ ಎರಡು. ಹೊಂದಿಸಬಲ್ಲ ವರ್ನಿಯರ್ ಗೇರ್ ಸಿಕ್ಕರೆ ಕೆಲಸ ಸಲೀಸು, ಆದರೆ ದುಬಾರಿ. ರಸ್ತೆಯ ಕಾರಿಗೆ ಆಫ್‌ಸೆಟ್ ಕೀ ಸಾಕು ಎಂಬುದು ನನ್ನ ಅಭಿಪ್ರಾಯ. ಇದು ಕ್ಯಾಮ್‌ಶಾಫ್ಟ್ ಮತ್ತು ಗೇರಿನ ನಡುವಿನ ಸಣ್ಣ ಅರ್ಧಚಂದ್ರ ಕೀ. ಕೆಳಗಿನ ಅರ್ಧ ಮತ್ತು ಮೇಲಿನ ಅರ್ಧ ಒಂದೇ ನೇರದಲ್ಲಿರದೆ ಮೆಟ್ಟಿಲಿನಂತೆ ಸರಿದಿರುತ್ತವೆ. ಸಿಗದಿದ್ದರೆ ಒಳ್ಳೆಯ ಲೇತ್ ಕೆಲಸದವರಲ್ಲಿ ಕೀ ಸ್ಟೀಲಿನಿಂದ ಮಾಡಿಸಬಹುದು. ಶಾಫ್ಟಿನ ವ್ಯಾಸ 25 ಮಿ.ಮೀ. ಇದ್ದರೆ ಕ್ಯಾಮ್‌ನ 3 ಡಿಗ್ರಿಗೆ, ಎಂದರೆ ಕ್ರ್ಯಾಂಕಿನ 6 ಡಿಗ್ರಿಗೆ, ಸುಮಾರು 0.65 ಮಿ.ಮೀ. ಮೆಟ್ಟಿಲು ಬೇಕು. ಅಂಗಡಿಯ ಕೀ ಮೇಲೆ ‘3 ಡಿಗ್ರಿ’ ಎಂದಿದ್ದರೆ ಅದು ಕ್ಯಾಮ್ ಡಿಗ್ರಿಯೋ ಕ್ರ್ಯಾಂಕ್ ಡಿಗ್ರಿಯೋ ಕೇಳಿ ತಿಳಿಯಿರಿ.

ಕೀ ಯಾವ ಕಡೆಗೆ? ಬಿ-ಸೀರೀಸ್ ಎಂಜಿನ್ ಮುಂದಿನಿಂದ ನೋಡಿದರೆ ಗಡಿಯಾರದ ದಿಕ್ಕಿನಲ್ಲಿ ತಿರುಗುತ್ತದೆ, ಚೈನ್ ಇರುವುದರಿಂದ ಕ್ಯಾಮ್ ಕೂಡ ಅದೇ ದಿಕ್ಕಿಗೆ. ಕ್ಯಾಮನ್ನು ಮುಂದೆ ತರಬೇಕಾದರೆ ಶಾಫ್ಟ್ ಗೇರಿಗಿಂತ ಆ ದಿಕ್ಕಿನಲ್ಲಿ ಮುಂದಿರಬೇಕು. ಎಂದರೆ ಕೀವೇ ಮೇಲ್ಮುಖವಾಗಿರುವಾಗ ಮುಂದಿನಿಂದ ನೋಡಿದರೆ ಕೀಯ ಮೇಲಿನ ಅರ್ಧ ಎಡಕ್ಕೆ ಸರಿದಿರಬೇಕು. ತಡ ಮಾಡಬೇಕಾದರೆ ಬಲಕ್ಕೆ. ಅನುಮಾನವಿದ್ದರೆ ಹಾಕಿ ಅಳೆದು ನೋಡಿ. ತಿರುಗುಮುರುಗಾಗಿದ್ದರೆ 110ರ ಬದಲು 122 ಬರುತ್ತದೆ, ಕೂಡಲೇ ಗೊತ್ತಾಗುತ್ತದೆ.

ಹೊಸ ಕೀ ಹಾಕಿದ ಮೇಲೆ ಎರಡನೇ ಹಂತವನ್ನು ಪೂರ್ತಿ ಮತ್ತೆ ಮಾಡಿ. 110ರಿಂದ 1 ಡಿಗ್ರಿ ಆಚೀಚೆ ಇದ್ದರೆ ಸಾಕು. ಆಯ್ಕೆ ಇದ್ದರೆ 109ರ ಕಡೆಗೇ ಇರಲಿ: ಚೈನ್ ಸವೆದಂತೆ ಕ್ಯಾಮ್ ತಡವಾಗುತ್ತಲೇ ಹೋಗುತ್ತದೆ, ಬೇಗ ಆಗುವುದಿಲ್ಲ.

ಎಚ್ಚರ: ವಾಲ್ವ್ ಮತ್ತು ಪಿಸ್ಟನ್

ಕ್ಯಾಮ್ ಮುಂದೆ ತಂದರೆ ಇನ್ಲೆಟ್ ವಾಲ್ವ್ ಪಿಸ್ಟನ್‌ಗೆ ಹತ್ತಿರವಾಗುತ್ತದೆ. ಹಿಂದೆ ತಂದರೆ ಎಕ್ಸಾಸ್ಟ್. ಕಂಪನಿಯ ಕ್ಯಾಮ್, ಕಂಪನಿಯ ಪಿಸ್ಟನ್ ಇದ್ದು ಕೈಪಿಡಿಯ ಅಂಕಿಗೇ ತರುತ್ತಿದ್ದರೆ ಭಯವಿಲ್ಲ. ಆದರೆ ಹೆಚ್ಚು ಲಿಫ್ಟ್‌ನ ಕ್ಯಾಮ್ ಹಾಕಿದ್ದರೆ, ಬ್ಲಾಕ್ ಅಥವಾ ಹೆಡ್ ಹೆಚ್ಚು ಫೇಸಿಂಗ್ ಆಗಿದ್ದರೆ ಪರೀಕ್ಷೆ ಬಿಡಬೇಡಿ. ಪಿಸ್ಟನ್ ಮೇಲೆ ಮಕ್ಕಳ ಆಟದ ಮೆತ್ತನೆ ಜೇಡಿಯನ್ನು ಎಣ್ಣೆ ಸವರಿ ಇಟ್ಟು, ಹಳೆಯ ಗ್ಯಾಸ್ಕೆಟ್ ಹಾಕಿ ಹೆಡ್ ಬಿಗಿದು, ಕೈಯಲ್ಲಿ ಎರಡು ಸುತ್ತು ತಿರುಗಿಸಿ ಬಿಚ್ಚಿ. ವಾಲ್ವ್ ಒತ್ತಿದ ಕಡೆ ಜೇಡಿಯ ದಪ್ಪ ಅಳೆಯಿರಿ. ಇನ್ಲೆಟ್ ಕಡೆ 2 ಮಿ.ಮೀ., ಎಕ್ಸಾಸ್ಟ್ ಕಡೆ 2.5 ಮಿ.ಮೀ. ಇರಬೇಕೆನ್ನುವುದು ಎಂಜಿನ್ ಕಟ್ಟುವವರ ಸಾಮಾನ್ಯ ರೂಢಿ. ತಿರುಗಿಸುವಾಗ ಎಲ್ಲಾದರೂ ತಡೆದರೆ ಬಲ ಹಾಕಬೇಡಿ. ನಿಲ್ಲಿಸಿ, ಕಾರಣ ಹುಡುಕಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಿಂದೆ ತಿರುಗಿಸಿ ಓದುವುದು ಇವುಗಳಲ್ಲಿ ಮೊದಲನೆಯದು. ಹಿಂದೆ ತಿರುಗಿಸಿದಾಗ ಚೈನಿನ ಸಡಿಲ ಇನ್ನೊಂದು ಬದಿಗೆ ಹೋಗುತ್ತದೆ, ಕ್ಯಾಮ್ ಕೆಲವು ಡಿಗ್ರಿ ಅಲುಗದೇ ಉಳಿಯುತ್ತದೆ. ಬೇಕಾದ ಬಿಂದುವನ್ನು ದಾಟಿಬಿಟ್ಟರೆ ಕಾಲು ಸುತ್ತು ಹಿಂದೆ ಹೋಗಿ, ಮತ್ತೆ ಓಡುವ ದಿಕ್ಕಿನಲ್ಲೇ ಬಂದು ಓದಿ.

ಪುಲ್ಲಿಯ ಮೇಲಿನ ಗುರುತನ್ನೇ ಟಿಡಿಸಿ ಎಂದು ನಂಬುವುದು ಇನ್ನೊಂದು. ರಬ್ಬರ್ ಪಟ್ಟಿಯಿರುವ ಹಳೆಯ ಪುಲ್ಲಿಗಳಲ್ಲಿ ಹೊರವೃತ್ತ ಜಾರಿ ಗುರುತು ಸರಿದಿರಬಹುದು. ನೀವು ನಿಜವಾದ ಟಿಡಿಸಿ ಕಂಡುಕೊಂಡಿರುವಾಗಲೇ ಪುಲ್ಲಿ ಗುರುತನ್ನೂ ತಾಳೆ ನೋಡಿ, ತಪ್ಪಿದ್ದರೆ ಹೊಸ ಗುರುತು ಹಾಕಿ.

ಹಳೆಯ ಚೈನ್ ಹಾಕಿ ಅಳೆದು, ಕಟ್ಟುವಾಗ ಹೊಸದು ಹಾಕುವುದೂ ನಡೆಯುತ್ತದೆ. ಅಳೆದದ್ದೆಲ್ಲ ವ್ಯರ್ಥವಾಗುತ್ತದೆ. ಕೊನೆಗೆ ಎಂಜಿನ್‌ನಲ್ಲಿ ಉಳಿಯುವ ಚೈನ್, ಗೇರ್, ಕೀಗಳಲ್ಲೇ ಅಳೆಯಿರಿ. ಹೊಸ ಅಥವಾ ಮರುಗ್ರೈಂಡ್ ಆದ ಕ್ಯಾಮ್‌ಗೆ ಹಳೆಯ ಟ್ಯಾಪೆಟ್ ಬೇಡವೇ ಬೇಡ. ಲೋಬ್ ಮತ್ತು ಟ್ಯಾಪೆಟ್ ಒಂದಕ್ಕೊಂದು ಹೊಂದಿ ಸವೆಯುವ ಜೋಡಿ. ಅಳತೆಯೆಲ್ಲ ಮುಗಿದ ಮೇಲೆ ಲೋಬುಗಳಿಗೂ ಟ್ಯಾಪೆಟ್ ತಳಕ್ಕೂ ಮಾಲಿಬ್ಡಿನಮ್ ಪೇಸ್ಟ್ ಧಾರಾಳವಾಗಿ ಹಚ್ಚಿ, ಲಾಕ್ ವಾಷರ್ ಮಡಚಿ, ಕ್ರ್ಯಾಂಕ್ ಮೂತಿಯ ಆಯಿಲ್ ಥ್ರೋವರ್ ಮರೆಯದೆ ಹಾಕಿ ಕವರ್ ಮುಚ್ಚಿ.

ಬಿಚ್ಚದೆ ತಿಳಿಯಬೇಕೆಂದರೆ

ಈಗಾಗಲೇ ಓಡುತ್ತಿರುವ ಕಾರಿನ ಬಗ್ಗೆ ಅನುಮಾನವಿದ್ದವರಿಗೆ ಒಂದು ಒರಟು ಪರೀಕ್ಷೆ ಇದೆ. ರಾಕರ್ ಕವರ್ ತೆಗೆದು, ಪ್ಲಗ್ ಬಿಚ್ಚಿ, 1ನೇ ಸಿಲಿಂಡರಿನ ಎಕ್ಸಾಸ್ಟ್ ಮುಚ್ಚುತ್ತ ಇನ್ಲೆಟ್ ತೆರೆಯುತ್ತಿರುವ ಟಿಡಿಸಿಗೆ ತನ್ನಿ. ಎರಡೂ ವಾಲ್ವ್ ಸ್ವಲ್ಪ ಸ್ವಲ್ಪ ತೆರೆದಿರುತ್ತವೆ. 16 ಮತ್ತು 21ರ ಕ್ಯಾಮ್‌ನಲ್ಲಿ ಎಕ್ಸಾಸ್ಟ್ ಇನ್ಲೆಟ್‌ಗಿಂತ ತುಸು ಹೆಚ್ಚು ತೆರೆದಿರಬೇಕು. ಎಕ್ಸಾಸ್ಟ್ ಚೆನ್ನಾಗಿ ತೆರೆದೇ ಇದ್ದು ಇನ್ಲೆಟ್ ಇನ್ನೂ ಅಲುಗದಿದ್ದರೆ ಕ್ಯಾಮ್ ಸ್ಪಷ್ಟವಾಗಿ ತಡವಾಗಿದೆ. ಇನ್ಲೆಟ್ಟೇ ಹೆಚ್ಚು ತೆರೆದಿದ್ದರೆ ಬೇಗ. ಇದು ಡಿಗ್ರಿ ಹೇಳುವುದಿಲ್ಲ, ಆದರೆ ಕವರ್ ಬಿಚ್ಚಬೇಕೇ ಬೇಡವೇ ಎಂದು ತೀರ್ಮಾನಿಸಲು ಸಾಕು.

ಕ್ಯಾಮ್ ಸರಿಸಿದವರು ಇನ್ನೊಂದು ಕೆಲಸ ಮಾಡಲೇಬೇಕು. ಬಿ-ಸೀರೀಸ್‌ನಲ್ಲಿ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಕ್ಯಾಮ್‌ಶಾಫ್ಟೇ. ಕ್ಯಾಮನ್ನು 6 ಡಿಗ್ರಿ ಮುಂದೆ ತಂದಿರೆಂದರೆ ಇಗ್ನಿಷನ್ನೂ ಅಷ್ಟೇ ಮುಂದೆ ಬಂದಿರುತ್ತದೆ. ಮೊದಲಿನ ಜಾಗದಲ್ಲೇ ಬಿಟ್ಟರೆ ಏರಿನಲ್ಲಿ ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್‌ಗೆ ಪೆಟ್ಟು ಬೀಳುತ್ತದೆ. ಎಂಜಿನ್ ಸ್ಟಾರ್ಟ್ ಮಾಡುವ ಮೊದಲು ಪಾಯಿಂಟ್ ತೆರೆಯುವ ಜಾಗವನ್ನು ಬಲ್ಬ್ ಹಚ್ಚಿ ಹೊಂದಿಸಿ. ಬಿಸಿಯಾದ ಮೇಲೆ ಟೈಮಿಂಗ್ ಲೈಟ್ ಹಿಡಿದು, ತಾಳೆ ನೋಡಿದ ಪುಲ್ಲಿ ಗುರುತಿಗೆ ಕೈಪಿಡಿಯ ಅಂಕಿ ತನ್ನಿ.